ಹೊಸ ಅಕ್ಕಿಯ ಪಾಲು

ಕ್ಲಾರಿಸ್ಸಾ ಹೀರೇಕಾಯಿಯ ಏಣು ಹೆರೆಯುತ್ತಿದ್ದಳು. ಈಲಿಂಗ್ ರೋಡಿನಿಂದ ತಂದ ಉಳಿದ ತರಕಾರಿಗಳು ಸಿಂಕಿನ ನೀರಿನಲ್ಲಿ ತೇಲುತ್ತಿದ್ದವು. ತೆನೆ ಹಬ್ಬಕ್ಕೆ ತರಕಾರಿಗಳ ಲೆಕ್ಕ ಬೆಸವಾಗಿರಬೇಕು, ಮೀನು-ಮಾಂಸ ಒಲೆಯ ಹತ್ತಿರ ಸುಳಿಯಬಾರದು. ವೆಂಬ್ಲಿಯ ಫ್ಲ್ಯಾಟಿಗೆ ಬಂದ ಮೇಲೂ ತಾಯಿ ಐರೀನ್ ಉಡುಪಿಯ ಕ್ರಮ ಬಿಟ್ಟವರಲ್ಲ.

"ಬಾಯೆ, ಸಿಪ್ಪೆ ಬಿಸಾಡ್ಬೇಡ, ಚಟ್ನಿಗೆ ಬೇಕು. ಆ ಟೋಬಿಯ ಕಾರ್ಡ್ ಓದು ಮಾರಾಯ್ತಿ. ನಿನ್ನೆಯೇ ಬಂದದ್ದು," ಎಂದರು ಐರೀನ್ ಮಗಳಿಗೆ.

ಕ್ಲಾರಿಸ್ಸಾಳ ಕೈ ನಿಂತಿತು.

ಟೋಬಿ 'ನಾರ್ತ್ ವಿಂಡೋ' ಎಂಬ ಪಾಪ್ ಗುಂಪಿನ ಗಾಯಕ. ಆರು ವರ್ಷಗಳ ಹಿಂದೆ ಮಾತ್ರ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾಲ್ವರು ಹುಡುಗರು ಶನಿವಾರ ಚರ್ಚಿನ ಹಾಲ್‌ನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಕೊಂಕಣಿ ಹಾಡುಗಾರರ ಸರದಿ ಬಂದಾಗ, ಹಾಲ್‌ನ ಕೀ ನೋಡಿಕೊಳ್ಳುತ್ತಿದ್ದ ಕ್ಲಾರಿಸ್ಸಾ ಬಾಗಿಲಲ್ಲಿ ನಿಂತು ಕೀ ಗೊಂಚಲು ಅಲ್ಲಾಡಿಸಿದ್ದಳು.

"ಪ್ಲೀಸ್, ಇನ್ನೊಂದೇ ಹಾಡು," ಅಂದಿದ್ದ ಅವನು.

"ಅದು ಹಾಡಾ? ನಾನು ಹೀಟರ್ ಕೆಟ್ಟಿದೆ ಅಂದುಕೊಂಡೆ."

ಅವನು ನಕ್ಕು ಅವಳನ್ನೇ ನೋಡಿದ. ಅವಳು ಗೋಡೆಯ ಗಡಿಯಾರ ನೋಡಿದಳು. ಗಡಿಯಾರದ ಗಾಜಿನಲ್ಲೂ ಅವನೇ ನಗುತ್ತಿದ್ದ.

ಆ ದಿನ ಹಸಿದ ನಾಲ್ವರನ್ನೂ ಐರೀನ್ ಮನೆಗೆ ಕರೆದು ಊಟ ಬಡಿಸಿದ್ದರು. ಮುಂದೆ ಟ್ಯೂಬ್ ಸ್ಟೇಷನ್ನಿನ ಗೋಡೆಗಳಲ್ಲಿ ಅವನ ಪೋಸ್ಟರ್ ಬಂತು, ಅವನನ್ನು ಕಂಡರೆ ಹುಡುಗಿಯರು ಅಳತೊಡಗಿದರು. ಆದರೂ ಟೋಪಿ ಕೆಳಗೆಳೆದುಕೊಂಡು ಲಿಫ್ಟ್ ಹತ್ತಿ ಬಂದೇ ಬರುತ್ತಿದ್ದ. ಪಾತ್ರೆ ಒರೆಸುವಾಗ ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. "ಸಾರಿ" ಅನ್ನುತ್ತಿದ್ದ, ಬೆರಳು ತೆಗೆಯುತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ ಇದೇ ಹಬ್ಬಕ್ಕೂ ಬಂದಿದ್ದ. ಊರಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟಿದ್ದರು. ಹೊಸ ಅಕ್ಕಿಯನ್ನು ಪುಡಿಮಾಡಿ ತೆಂಗಿನ ಹಾಲಿಗೆ ಬೆರೆಸಿ, ಪ್ರಾರ್ಥನೆಯ ನಂತರ ಐರೀನ್ ಒಬ್ಬೊಬ್ಬರಿಗೇ ಕೊಟ್ಟರು. ಟೋಬಿಯೂ ಕೈ ಚಾಚಿದ. ಐರೀನ್ ಲೋಟ ಹಿಂದಕ್ಕೆಳೆದರು.

"ನಿನಗಲ್ಲ ಮಗ, ಇದು ಮನೆಯವರಿಗೆ ಮಾತ್ರ."

ಅವನ ಕೈ ಮೆಲ್ಲಗೆ ಮೇಜಿನ ಕೆಳಗೆ ಇಳಿಯಿತು. ಬಡಿಸಿದ್ದನ್ನೆಲ್ಲ ಉಂಡ, ಥ್ಯಾಂಕ್ಸ್ ಹೇಳಿದ. ಲಿಫ್ಟಿನ ಹತ್ತಿರ ಮಾತ್ರ, "ನಿನ್ನ ಅಮ್ಮ ಬೇಡ ಅನ್ನುವುದನ್ನೂ ಎಷ್ಟು ಪ್ರೀತಿಯಿಂದ ಹೇಳುತ್ತಾರೆ, ಕ್ಲಾರಿ," ಎಂದ.

ಆಮೇಲೆ ಟೂರಿನಿಂದ ಅವಳಿಗೆ ಬರೆದಿದ್ದ: 'ನಿನ್ನನ್ನು ಮದುವೆಯಾಗುವ ಆಸೆ. ಆಗದಿದ್ದರೆ ಉತ್ತರ ಬರೆಯಬೇಡ, ಅರ್ಥ ಮಾಡಿಕೊಳ್ಳುತ್ತೇನೆ.' ಆಗಲಿ ಎಂದು ಅವಳು ಅದೇ ವಾರ ಉತ್ತರ ಬರೆದು ಸ್ಟ್ಯಾಂಪ್ ಅಂಟಿಸಿದ್ದಳು. ಅಪ್ಪ ಇಲ್ಲದ ಮನೆಯಲ್ಲಿ ಒಬ್ಬಂಟಿಯಾಗಿ ಸಾಕಿದ ಅಮ್ಮನೇ ಬೇಡವೆಂದ ಮೇಲೆ ಪೋಸ್ಟ್ ಮಾಡುವ ಧೈರ್ಯ ಬರಲಿಲ್ಲ.

ಕೈ ಒರೆಸಿಕೊಂಡು ಕ್ಲಾರಿಸ್ಸಾ ಕಾರ್ಡ್ ಓದಿದಳು. "'ಪ್ರೀತಿಯ ಐರೀನ್ ಆಂಟಿ, ಗುಂಪು ಒಡೆಯಿತು. ಸದ್ಯ ಕ್ರಾಯ್ಡನ್‌ನಲ್ಲಿದ್ದೇನೆ. ಬುಧವಾರ ಹಡಗು ಹತ್ತುತ್ತೇನೆ, ಎರಡು ವರ್ಷ ಅಲ್ಲೇ ಹಾಡುವ ಕೆಲಸ. ಯಾರಿಗೂ ನನ್ನ ಹೆಸರು ಗೊತ್ತಿಲ್ಲದಾಗ ನೀವು ಊಟ ಆಯ್ತಾ ಎಂದು ಕೇಳಿದಿರಿ. ಅದಕ್ಕೆ ಥ್ಯಾಂಕ್ಸ್ ಹೇಳದೆ ಹೋಗಲಾರೆ. ಕ್ಲಾರಿ ಚೆನ್ನಾಗಿರಲಿ.'"

"ದೇವರೇ, ಒಳ್ಳೆಯ ಹುಡುಗ," ಎಂದರು ಐರೀನ್.

"ಮತ್ತೆ ಅವತ್ತು ಅವನಿಗೆ ಹೊಸ ಅಕ್ಕಿ ಯಾಕೆ ಕೊಡ್ಲಿಲ್ಲ, ಮಮ್ಮಿ?" ಎರಡು ವರ್ಷ ನುಂಗಿದ ಮಾತು ಹೊರಬಿದ್ದಿತ್ತು.

"ಹೇಗೆ ಕೊಡುದು? ಕೊಟ್ರೆ ಅಳಿಯ ಅಂತಾಯ್ತು. ನೀನು ಬಾಯಿ ಬಿಡ್ಲಿಲ್ಲ. ನಿನ್ನ ಗಂಡ ಯಾರು ಅಂತ ನಾನು ಲೋಟದಲ್ಲಿ ಕಲಸಿ ನಿಶ್ಚಯ ಮಾಡ್ಲಿಕ್ಕೆ ಆಗ್ತದಾ?"

"ನಿಂಗೆ ಅವನು ಇಷ್ಟ ಇಲ್ಲ ಅಂತ... ಐ ಥಾಟ್..."

"ಇಷ್ಟ ಇಲ್ವಾ? ಮೂರು ಸಲ ಪಾಯಸ ಬಡಿಸಿದ್ದೇನೆ! ನೀನು ಹೇಳ್ತಿ ಹೇಳ್ತಿ ಅಂತ ಕಾದು ಕಾದು ನನ್ನ ತಲೆ ನರೆಯಿತು."

ಕ್ಲಾರಿಸ್ಸಾ ತಾಯಿಯ ಹೆಗಲಿಗೆ ಮುಖ ಒತ್ತಿದಳು. ಹೀರೇಕಾಯಿಯ ಹಸಿ ವಾಸನೆ ಮೂಗಿಗೆ ಬಂತು, ಕಣ್ಣಲ್ಲಿ ನೀರೂ ಬಂತು. "ಥ್ಯಾಂಕ್ಸ್, ಮಮ್ಮಿ."

"ನನಗೆಂತ ಥ್ಯಾಂಕ್ಸ್? ಇವತ್ತು ಆದಿತ್ಯವಾರ, ಅವ ಬುಧವಾರ ಹೋಗ್ತಾನೆ."

ದೂರದಲ್ಲಿರುವ ಮನೆಯವರಿಗೆ ಹೊಸ ಅಕ್ಕಿಯನ್ನು ಅಂಚೆಯಲ್ಲಿ ಕಳಿಸುವುದು ರೂಢಿ. ಊಟವಾದ ಮೇಲೆ ಐರೀನ್ ದುಬೈಯಲ್ಲಿರುವ ಮಗ ಶೇನ್‌ಗೆ ನಾಲ್ಕು ಕಾಳು ಕಟ್ಟಿದರು. ಕ್ಲಾರಿಸ್ಸಾ ಇನ್ನೊಂದು ಚೂರು ಕಾಗದ ಚಾಚಿದಳು. ಯಾರಿಗೆ ಎಂದು ಐರೀನ್ ಕೇಳಲಿಲ್ಲ. ಧಾರಾಳವಾಗಿ ಹಾಕಿದರು.

ಕ್ಲಾರಿಸ್ಸಾ ಎರಡು ವರ್ಷದಿಂದ ಎತ್ತಿಟ್ಟಿದ್ದ ಹಳೆಯ ಲಕೋಟೆ ಬಿಡಿಸಿದಳು. ಪತ್ರದ ಕೊನೆಗೆ, 'ಇದು ಮನೆಯವರಿಗೆ ಮಾತ್ರ. ತಿನ್ನು, ಆಮೇಲೆ ಬಾ,' ಎಂದು ಸೇರಿಸಿ, ಕಾಳಿನ ಪೊಟ್ಟಣವಿಟ್ಟು ಅಂಟಿಸಿ, ಕಾರ್ಡಿನಲ್ಲಿದ್ದ ಕ್ರಾಯ್ಡನ್ ವಿಳಾಸ ಬರೆದಳು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು. ಕೆಂಪು ಅಂಚೆ ಪೆಟ್ಟಿಗೆಯ ಬಾಯೊಳಗೆ ಮಣಿಕಟ್ಟಿನವರೆಗೂ ಕೈ ತೂರಿಸಿ, ಪತ್ರ ಬಿಟ್ಟಳು.