ಚಾವಿಯ ನಡತೆ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಂಡ ಬೀಗ ರಿಪೇರಿಯವನು, ಪೇಟೆಗೆಲ್ಲ 'ಚಾವಿ' ಅಂತಲೇ ಪರಿಚಯ. ಹಿಂದಿನ ದಿನ ಸಂಜೆ, ಬೀಗ ಹಾಕಿದ್ದ ಮನೆಯೊಂದರ ಮುಂದೆ ಯಾರೋ ಅವನನ್ನು ಸಲಾಕೆಯಿಂದ ಹೊಡೆದು ಬಲಗೈ ಮುರಿದಿದ್ದರು. ತಲೆಗೂ ಪೆಟ್ಟಾಗಿ ಪ್ರಜ್ಞೆ ಬಂದಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ಬರೆಯುತ್ತಾ ಇನ್ಸ್‌ಪೆಕ್ಟರ್ ಕಡೆ ನೋಡಿ ಗೊಣಗಿದ. "ಎರಡು ಸಲ ಜೈಲು ಕಂಡ ಮನೆಗಳ್ಳ ಸಾರ್. ಬೀಗ ಹಾಕಿದ ಮನೆ ಮುಂದೆ ಇವನಿಗೇನು ಕೆಲಸ? ನಾಯಿ ಬಾಲ ಡೊಂಕೇ."

"ಹನ್ನೊಂದು ವರ್ಷದಿಂದ ದುಡಿದು ತಿಂದಿದ್ದಾರೆ," ಆಕೆಯ ದನಿ ಏರಿತು. "ಕೈಗೆ ಇನ್ನೆರಡು ಆಪರೇಷನ್ ಬೇಕಂತೆ. ಸರ್ಕಾರದ ಪರಿಹಾರ ಕೇಳಿ ಅಂದ್ರು ಆಸ್ಪತ್ರೆಯವರು. ಆದ್ರೆ ಪೆಟ್ಟು ತಿಂದವರ ನಡತೆ ಸರಿಯಿಲ್ಲ ಅಂತ ಪೊಲೀಸರು ಬರೆದ್ರೆ ಒಂದು ಕಾಸೂ ಬರಲ್ವಂತೆ. ನೀವು ಹೀಗೆ ಬರೆದ್ರೆ ಆ ಕೈ ಕಥೆ ಮುಗೀತು."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. ಚಾವಿಯನ್ನು ಎರಡು ಸಲವೂ ಹಿಡಿದವರು ಅವರೇ.

ಹತ್ತೂಮುಕ್ಕಾಲಿಗೆ ಸ್ಥಳ ಪಂಚನಾಮೆ. ಮೆಟ್ಟಿಲ ಮೇಲೆ ಒಣಗಿದ ರಕ್ತ, ಪಕ್ಕದಲ್ಲಿ ಚಾವಿಯ ಸಲಕರಣೆ ಚೀಲ. ಅದರ ಪಟ್ಟಿಗಳೆರಡೂ ಬಿಗಿದ ಹಾಗೇ ಇದ್ದವು.

"ಕದಿಯೋಕೆ ಬಂದವನು ಚೀಲ ಬಿಚ್ಚದೇ ಬೀಗ ತೆಗೀತಾನೇನ್ರೀ?"

ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ನತ್ತ ತಿರುಗಿದರು.

"ಮನೆಯವರ ಜೊತೆ ಅಕ್ಕಪಕ್ಕದವರೊಬ್ಬರು ಬಂದು ನಿಲ್ಲೋವರೆಗೂ ಅವರು ಚೀಲ ಬಿಚ್ಚಲ್ಲ ಸಾರ್," ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ಸ್ವಂತ ತಮ್ಮನ ಮನೇಲೂ ಹಾಗೇ ಮಾಡಿ ಬೈಸಿಕೊಂಡಿದ್ದಾರೆ."

ಹಾಗಿದ್ದರೆ ಯಾರನ್ನೋ ಕರೆದಿರಲೇಬೇಕು. ಎದುರು ಅಂಗಡಿಯ ದರ್ಜಿ ಒಪ್ಪಿಕೊಂಡ.

"'ಅಣ್ಣಾ, ಒಂದ್ನಿಮಿಷ ಬಂದು ನಿಲ್ಲಿ' ಅಂದ. ಈ ಹೊಲಿಗೆ ಮುಗಿಸಿ ಬರ್ತೀನಿ ಅಂದೆ. ಬರೋಷ್ಟರಲ್ಲಿ ಬಿದ್ದಿದ್ದ."

"ಜೊತೆಗೆ ಯಾರಿದ್ರು?"

"ಆ ಮನೆ ಅಜ್ಜಿಯ ಕಿರಿಮಗ. ಅಜ್ಜಿ ಆಸ್ಪತ್ರೇಲಿದ್ದಾರೆ."

"ನಿನ್ನೆಯೇ ಯಾಕೆ ಬಂದು ಹೇಳಲಿಲ್ಲ?"

ದರ್ಜಿ ಕತ್ತರಿ ಕೆಳಗಿಟ್ಟ. "ಕಳ್ಳನಿಗೆ ಹೊಡೆದ್ರು, ನಮಗ್ಯಾಕೆ ಅಂದ್ಕೊಂಡೆ ಸಾರ್."

ಮಧ್ಯಾಹ್ನ ಎರಡಕ್ಕೆ ಕಿರಿಮಗನನ್ನು ಅವನ ಆಫೀಸಿನಲ್ಲೇ ಬಂಧಿಸಿದರು. ಫ್ಯಾನಿನ ಕೆಳಗೆ ಕೂತೂ ಬೆವರುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸಲಾಕೆ ಅವನ ಕಾರಿನಲ್ಲೇ ಸಿಕ್ಕಿತು.

"ಅಮ್ಮ ವಾಪಸು ಬರೋಕ್ಮುಂಚೆ ಒಡವೆ ತಗೋಬೇಕಿತ್ತು," ಎಂದ. "ಇಂಥವನು ಏನೂ ಕೇಳಲ್ಲ ಅಂತಲೇ ಕರೆದೆ. ಇವನು ನನ್ನೆದುರಿಗೇ ಸಾಕ್ಷಿಗೆ ಆ ದರ್ಜೀನ ಕೂಗಿದ! ಒಬ್ಬ ಕಳ್ಳ ನನ್ನನ್ನ ನಂಬಲಿಲ್ಲ ಸಾರ್."

ಒಡವೆಯ ಆಸೆ ಅವನನ್ನು ಬಾಗಿಲವರೆಗೆ ತಂದಿತ್ತು. ಸಲಾಕೆ ಎತ್ತಿಸಿದ್ದು ಮಾತ್ರ ಈ ಅವಮಾನ.

ಶುಕ್ರವಾರ ಆಸ್ಪತ್ರೆಯಲ್ಲಿ ಚಾವಿ ಎದ್ದು ಕೂತಿದ್ದ. ಇನ್ಸ್‌ಪೆಕ್ಟರ್ ಪರಿಹಾರ ಸಮಿತಿಗೆ ಬರೆದ ವರದಿಯನ್ನು ಮಂಚದ ಪಕ್ಕದಲ್ಲೇ ಓದತೊಡಗಿದರು.

"ಆ ಹಳೇ ಕೇಸುಗಳನ್ನ ಬಿಟ್ಬಿಡಿ ಸಾರ್," ಹೆಂಡತಿ ಬೇಡಿಕೊಂಡಳು.

"ಬಿಡಲ್ಲಮ್ಮ. ಹಿಡಿದವನು ನಾನೇ ಅಂತಲೂ ಬರೆದಿದ್ದೀನಿ. ಆಗಲೇ ಮುಂದಿನ ಮಾತು ನಂಬ್ತಾರೆ." ಗಂಟಲು ಸರಿಮಾಡಿಕೊಂಡು ಓದಿದರು: "ಸಾಕ್ಷಿಯಿಲ್ಲದೆ ಬೀಗ ಮುಟ್ಟಲು ಒಪ್ಪದ ಒಂದೇ ಕಾರಣಕ್ಕೆ ಈತ ಪೆಟ್ಟು ತಿಂದಿದ್ದಾನೆ. ಈತನ ನಡತೆ ಉತ್ತಮ. ಅದಕ್ಕೆ ನಾನೇ ಸಾಕ್ಷಿ." ಹಿಂದೆ ಇದೇ ಮನುಷ್ಯನಿಗೆ ಕೋಳ ಹಾಕಿದ್ದ ಅವರಿಗೆ ಈಗ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು.

ಚಾವಿ ಪಟ್ಟಿ ಸುತ್ತಿದ ಕೈಯನ್ನು ಎದೆಗಿಟ್ಟುಕೊಂಡು ಯೋಚಿಸಿದ.

"ಒಬ್ಬರೇ ಆದ್ರೆ ಸಾಲಲ್ಲ ಸಾರ್. ಪಕ್ಕದಲ್ಲಿ ನಿಂತವರೊಬ್ಬರ ಸಾಕ್ಷೀನೂ ಬೇಕು."

ಪಕ್ಕದಲ್ಲಿ ನಿಂತಿದ್ದವನು ಹೆಡ್ ಕಾನ್‌ಸ್ಟೆಬಲ್. ಅವನು ಜೇಬಿನಿಂದ ಪೆನ್ನು ತೆಗೆದು ವರದಿಯ ಕೆಳಗೆ ಸಹಿ ಹಾಕಿದ.