ಮೂಲೆಯಲ್ಲೊಂದು ರೈಟ್ ಗುರುತು

2024ರ ಡಿಸೆಂಬರ್ 14, ಶನಿವಾರ. ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಅನುರಾಧಾ ಎಂಬವರು ಏದುಸಿರು ಬಿಡುತ್ತ ಬಾದಾಮಿ ಠಾಣೆಗೆ ಬಂದರು. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಚಿಕ್ಕ ಚಿತ್ರಶಾಲೆ. ಅಲ್ಲಿ ಜಿಲ್ಲೆಯ ಕಲಾವಿದರ ಹನ್ನೆರಡು ನಿಸರ್ಗಚಿತ್ರಗಳ ಪ್ರದರ್ಶನ ನಡೆದಿತ್ತು. ಮೊದಲ ಬಹುಮಾನ ಬಂದ ಚಿತ್ರವೇ ಮಾಯವಾಗಿತ್ತು. ಮರುದಿನ ಬೆಳಿಗ್ಗೆ ಸನ್ಮಾನ ಬೇರೆ.

"ಯಾರು ಬರೆದದ್ದು?" ಪಿಎಸ್‌ಐ ಮಹಾಂತೇಶ ಕೇಳಿದರು.

"ಹುನಗುಂದದ ಅಂದಪ್ಪ ಮಾಸ್ತರ್ರಿ. ಶಿವಯೋಗ ಮಂದಿರದ ಹತ್ರ ಮಲಪ್ರಭಾ ಹೊಳಿ ಚಿತ್ರ."

"ಯಾವಾಗ ಹೋತು?"

"ಒಂದೂವರಿಗೆ ಬಾಗಲಾ ಹಾಕಿ ಊಟಕ್ಕ ಹೋದೆ. ಎರಡೂವರಿಗೆ ಬಂದು ನೋಡಿದ್ರ ಬರೇ ಚೌಕಟ್ಟು!"

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಕಳವಿನ FIR ದಾಖಲಾಯಿತು. ನಾಲ್ಕು ಗಂಟೆಗೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಚೌಕಟ್ಟು ಗೋಡೆಯಲ್ಲೇ ಇತ್ತು. ಚಿತ್ರ ಬರೆದ ಬಟ್ಟೆಯನ್ನು ಕಳ್ಳ ಬ್ಲೇಡಿನಿಂದ ಕೊಯ್ದಿರಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕಾಗದದಲ್ಲಿ ಪೊಟ್ಟಣ ಕಟ್ಟಿ, ಕಿಟಕಿಯ ಮೇಲಿಟ್ಟಿದ್ದ. ಚಿತ್ರಶಾಲೆಯೊಳಗೆ ಎಲ್ಲರೂ ಚಪ್ಪಲಿ ಬಿಟ್ಟೇ ಓಡಾಡುವುದು.

"ಮಂದಿ ಕಾಲಿಗೆ ಚುಚ್ಚಬಾರದಂತ ಪೊಟ್ಟಣ ಕಟ್ಟ್ಯಾನಲ್ಲೋ! ಭಾಳ ಸಭ್ಯಸ್ಥ ಕಳ್ಳ," ಎಂದರು ಮಹಾಂತೇಶ. ಕಾನ್‌ಸ್ಟೆಬಲ್ ಯಮನೂರ ನಗಲಿಲ್ಲ. ಅವನು ಹುನಗುಂದದವನು.

ಬಾಗಿಲು ಕಾಯುವ ಶಾರವ್ವ ಸೆರಗು ಬಾಯಿಗಿಟ್ಟು ನಿಂತಿದ್ದಳು.

"ಊಟದ ಹೊತ್ತಿನ್ಯಾಗ ಯಾರು ಬಂದಿದ್ರವ್ವಾ?"

"ಯಾರೂ ಇಲ್ಲರಿ."

"ಒಂದು ನರಪಿಳ್ಳೆನೂ ಬರಲಿಲ್ಲ?"

"ಮಾಸ್ತರು ಬಂದಿದ್ರು. ನಮ್ಮ ಚಿತ್ರ ಒಮ್ಮೆ ನೋಡ್ತೇನಿ, ಕೀಲಿ ಕೊಡು ಅಂದ್ರು, ಕೊಟ್ಟೆ."

"ಮತ್ತ ಯಾರೂ ಬಂದಿಲ್ಲ ಅಂದಿ?"

"ಅಯ್ಯ, ನೀವು ಕಳ್ಳರನ್ನ ಕೇಳಿದ್ರಿ. ಮಾಸ್ತರು ಕಳ್ಳರೇನ್ರಿ?"

ಮಹಾಂತೇಶರಿಗೆ ತಲೆ ಕೆಟ್ಟಿತು. ನಾಳೆ ಬೆಳಗಾದರೆ ಶಾಲು ಹೊದೆಸಿಕೊಳ್ಳುವ ಮನುಷ್ಯ ತನ್ನ ಚಿತ್ರವನ್ನೇ ಏಕೆ ಕದಿಯಬೇಕು? ಪ್ರದರ್ಶನದ ಪುಸ್ತಿಕೆಯಲ್ಲಿ ಆ ಚಿತ್ರದ ಫೋಟೊ ಇತ್ತು. ಬೇಸಿಗೆಯ ಬಡಕಲು ಹೊಳೆ, ದಂಡೆಯಲ್ಲಿ ಜಾಲಿಗಿಡ, ಕಲ್ಲಿನ ಮೇಲೆ ಒಂದೇ ಒಂದು ಕೊಕ್ಕರೆ. ಬಲಗಡೆ ಕೆಳಮೂಲೆಯಲ್ಲಿ ಅಂದಪ್ಪನವರ ಸಹಿ, ಅದರ ಕೆಳಗೆ ಸಣ್ಣದೊಂದು ರೈಟ್ ಗುರುತು.

"ಇದೇನ್ರಿ?"

"ಅವರ ಸ್ಟೈಲ್ ಇರಬೇಕಂತ ಅನ್ಕೊಂಡಿದ್ವಿ," ಎಂದರು ಅನುರಾಧಾ.

ಯಮನೂರ ಬಗ್ಗಿ ನೋಡಿದ. ಅವನ ಮುಖ ಇಳಿದುಹೋಯಿತು.

"ಸರ್, ಸಾಲ್ಯಾಗ ನನ್ನ ಡ್ರಾಯಿಂಗ್ ವಹಿಯೊಳಗೂ ಇದ ಸಹಿ, ಇದ ರೈಟ್ ಐತ್ರಿ. ಹುಡುಗ್ರು ಚಿತ್ರ ತಂದ್ರ ತಿದ್ದಿ ಹಿಂಗ ಹಾಕ್ತಿದ್ರು. ತಮ್ಮ ಚಿತ್ರಕ್ಕ ತಾವ ರೈಟ್ ಹಾಕ್ಕೊಳ್ಳೋರು ಯಾರ್ರಿ? ಇದು ಮಾಸ್ತರು ಬರೆದದ್ದಲ್ಲ."

ಸಂಜೆ 6 ಗಂಟೆ 40 ನಿಮಿಷಕ್ಕೆ ಜೀಪು ಹುನಗುಂದ ಮುಟ್ಟಿತು. ಯಮನೂರ ಬೂಟು ಕಳಚಿ ಒಳಗೆ ಹೋದ. ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅಂದಪ್ಪ ಮಾಸ್ತರರು ಮೇಜಿನ ಮುಂದೆ ಕುಳಿತಿದ್ದರು. ಅವರೆದುರಿಗೇ ಚಿತ್ರ ಹಾಸಿತ್ತು. ಬಣ್ಣ ಅಳಿಸುವ ಟರ್ಪೆಂಟೈನಿನ ವಾಸನೆ ಹೊಡೆಯುತ್ತಿತ್ತು. ಸಹಿ ಅಳಿಸಿತ್ತು, ರೈಟ್ ಗುರುತು ಹಾಗೇ ಇತ್ತು.

"ಯಮನೂರ, ನೀನ ಬಂದೇನಪ್ಪಾ?" ಎಂದು ಅವರು ಮುಖ ಆ ಕಡೆ ತಿರುಗಿಸಿದರು.

"ಯಾರದು ಈ ಚಿತ್ರ?" ಮಹಾಂತೇಶ ಕೇಳಿದರು.

"ಇಳಕಲ್ಲ ಕಸ್ತೂರಿದು. ನನ್ನ ಹಳೇ ವಿದ್ಯಾರ್ಥಿ, ಸೀರಿ ನೇಯ್ತಾಳ. ತಿದ್ದಿಕೊಡ್ರಿ ಅಂತ ಕಳಿಸಿದ್ಲು. ತಿದ್ದಲಿಕ್ಕೆ ಏನೂ ಇರಲಿಲ್ಲ. ರೂಢಿ ನೋಡ್ರಿ, ಕುಂಚ ತಗೊಂಡು ಸಹಿ ಹಾಕಿ ರೈಟ್ ಹೊಡದೆ. ಇಪ್ಪತ್ತು ದಿನದ ಹಿಂದ ಅನುರಾಧಾ ಅವರು ಪ್ರದರ್ಶನಕ್ಕ ನನ್ನ ಚಿತ್ರ ಒಯ್ಯಲಿಕ್ಕೆ ಬಂದ್ರು. ನನ್ನವು ಮೂರಿದ್ವು, ಅವನ್ನ ಬಿಟ್ಟು ಇದನ್ನ ಎತ್ತಿದ್ರು. ಇದು ನಿಮ್ಮ ಜೀವಮಾನದ ಕೆಲಸ ಸರ್ ಅಂದ್ರು."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಹೊಗಳಿಸಿಕೊಂಡು ಭಾಳ ವರ್ಷ ಆಗಿತ್ತರಿ. ನಿನ್ನೆ ಕಸ್ತೂರಿ ಫೋನ್ ಮಾಡಿದ್ಲು. ನಿಮಗ ಬಹುಮಾನ ಬಂತಂತಲ್ರಿ, ನಿಮ್ಮ ಚಿತ್ರ ನೋಡಲಿಕ್ಕೆ ಐತವಾರ ಸನ್ಮಾನಕ್ಕ ಬರ್ತೇನಿ ಅಂದ್ಲು. ಯಾವ ಮುಖ ಇಟ್ಕೊಂಡು ಅಲ್ಲಿ ನಿಂದರಲಿ?"

"ಅದಕ್ಕ ಇವತ್ತು ಕದ್ರಿ."

"ಇವತ್ತಿಂದು ಎರಡನೇದ್ರಿ. ಮೊದಲನೇ ಕಳವು ಆಗಿ ಇಪ್ಪತ್ತು ದಿನ ಆತು."

"ಸಹಿ ಅಳಿಸೀರಿ. ರೈಟ್ ಯಾಕ ಬಿಟ್ರಿ?"

"ಅದೊಂದು ಖರೆ ಐತಲ್ರಿ."

ಜಪ್ತಿ ಪಂಚನಾಮೆ ಬರೆದು, 7 ಗಂಟೆ 15 ನಿಮಿಷಕ್ಕೆ ದಸ್ತಗಿರಿ ಮಾಡಲಾಯಿತು. ಯಮನೂರ ಅವರ ಕೈ ಹಿಡಿಯಲಿಲ್ಲ. ಎದುರುಮನೆಯವರು ಬಾಗಿಲಿಗೆ ಬಂದು ನಿಂತಾಗ ಮಾಸ್ತರರು ತಾವೇ ಬೇಗಬೇಗ ನಡೆದು ಜೀಪು ಹತ್ತಿದರು. ಗುರುವನ್ನು ಜೀಪು ಹತ್ತಿಸುವ ಕೆಲಸ ವೈರಿಗೂ ಬೇಡ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಚಿತ್ರದ ಗುರುತು ಹೇಳಲು ಅನುರಾಧಾ, ಪ್ರದರ್ಶನಕ್ಕೆ ಬಂದಿದ್ದ ಕಸ್ತೂರಿಯನ್ನು ಠಾಣೆಗೆ ಕರೆತಂದರು. ಹೊಳೆ, ಜಾಲಿ, ಕೊಕ್ಕರೆ ನೋಡಿದ ಕಸ್ತೂರಿ, "ನಂದ್ರಿ" ಎಂದಳು. ಎಲ್ಲ ಕೇಳಿದ ಮೇಲೆ ಅವಳು ಸಿಟ್ಟಾಗುತ್ತಾಳೆ, ಕೂಗಾಡುತ್ತಾಳೆ ಎಂದು ಮಹಾಂತೇಶ ಕಾದರು. ಅವಳು ಬೆಂಚಿನ ಮೇಲಿದ್ದ ಮಾಸ್ತರರ ಮುಂದೆ ಹೋಗಿ ನಿಂತಳು.

"ಸರ್, ತಿದ್ದಿಕೊಡ್ರಿ ಅಂತ ಕೊಟ್ಟಿದ್ದೆ. ಎಲ್ಲಿ ತಪ್ಪಿತ್ತರಿ?"

ಮಾಸ್ತರರು ತಲೆ ಎತ್ತಲಿಲ್ಲ. "ನಿನ್ನ ಚಿತ್ರದಾಗ ಏನೂ ತಪ್ಪಿರಲಿಲ್ಲವ್ವಾ," ಎಂದು ಗಳಗಳ ಅತ್ತರು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯಲು ಮಹಾಂತೇಶ ಪೆನ್ನು ತೆಗೆದರು. ಹಣದ ಆಸೆ ಅಲ್ಲ, ದ್ವೇಷವೂ ಅಲ್ಲ. "ಮೊದಲ ದಿನ ನಿಜ ಹೇಳದ ನಾಚಿಕೆ" ಎಂದಷ್ಟೇ ಬರೆದರು.

ಕಸ್ತೂರಿ ಹೇಳಿಕೆಗೆ ಸಹಿ ಹಾಕಿ ಎದ್ದಳು. ಅವಳ ಚೀಲದಿಂದ ಸುತ್ತಿದ ಬಟ್ಟೆಯೊಂದು ಹೊರಗೆ ಚಾಚಿತ್ತು. ಅಂಚಿಗೆ ಹಸಿರು ಬಣ್ಣ ಮೆತ್ತಿತ್ತು. ಮಾಸ್ತರರಿಗೆ ತೋರಿಸಬೇಕೆಂದು ತಂದ ಹೊಸ ಚಿತ್ರ. ಅವರು ಅದನ್ನು ಕಂಡರು. ಕೈ ಚಾಚಲು ಹೋಗಿ ಹಿಂದಕ್ಕೆ ತೆಗೆದುಕೊಂಡರು. ಅವಳು ಬಟ್ಟೆಯನ್ನು ಚೀಲದೊಳಗೆ ಸರಿಯಾಗಿ ತಳ್ಳಿಕೊಂಡು, ಇಳಕಲ್ಲ ಬಸ್ಸಿಗೆ ಹೊರಟಳು.