ತಪ್ಪು ತಿದ್ದಿದ ಕೈ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಏನೂ ಕಳುವಾಗಿರಲಿಲ್ಲ, ಏನೂ ಒಡೆದಿರಲಿಲ್ಲ, ಯಾರಿಗೂ ಪೆಟ್ಟು ಬಿದ್ದಿರಲಿಲ್ಲ. ದೂರು ತಂದವಳು ಸರ್ಕಾರಿ ಸಂತಾನ ಆರೋಗ್ಯ ಸಂಶೋಧನಾ ಕೇಂದ್ರದ ಕಿರಿಯ ವಿಜ್ಞಾನಿ. ಕೇಂದ್ರದಲ್ಲಿ ಎಲ್ಲರಿಗೂ ಅವಳು ‘ಮರಿ’.

"ತೊಟ್ಟೀಲಿ ಇಟ್ಟಿದ್ದ ಮಾದರಿಗಳು ಸತ್ತಿವೆ ಸಾರ್. ಯಾರೋ ಬೇಕಂತಲೇ ಸಾಯಿಸಿದ್ದಾರೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದುಕೊಂಡೇ ಕೂತ. ಜನ್ಮದಲ್ಲಿ ಬರೆದ ಪಂಚನಾಮೆಗಳಿಗೆ ಲೆಕ್ಕವಿಲ್ಲದ ಕಾರಣ ಠಾಣೆಯಲ್ಲಿ ಅವನ ಹೆಸರು ‘ಪಂಚನಾಮೆ ಮಾವ’. "ಸಾರ್, ಕೊಲೆ ಅಂತ ಬರ್ಕೊಳ್ಲಾ, ನಷ್ಟ ಅಂತ ಬರ್ಕೊಳ್ಲಾ?"

"ಸುಮ್ನೆ ಕೇಳಿಸ್ಕೊಳ್ಳೋ ಮಾವ" ಎಂದರು ಇನ್ಸ್‌ಪೆಕ್ಟರ್. ಅವರಿಗೆ ಅಂದು ಬೆಳಿಗ್ಗೆಯಿಂದಲೇ ಮೂಗಿನ ತುದಿಯಲ್ಲಿ ಕೋಪ. ಇದೇ ಇಲಾಖೆಯಲ್ಲಿರುವ ಅವರ ಷಡ್ಡಕನಿಗೆ ಬಡ್ತಿ ಸಿಕ್ಕಿತ್ತು. ಹೆಂಡತಿ ತಿಂಡಿಯ ಹೊತ್ತಿಗೆ ಅದನ್ನು ಮೂರು ಸಲ ಹೇಳಿ, "ಒಂದು ಫೋನ್ ಮಾಡಿ ಶುಭಾಶಯ ಹೇಳೋಕೆ ಏನ್ರೀ ಕಷ್ಟ" ಎಂದಿದ್ದಳು. ಕಷ್ಟ ಏನೆಂದು ಹೇಳಲಾಗದೆ ಇವರು ತಟ್ಟೆ ಬಿಟ್ಟು ಎದ್ದು ಬಂದಿದ್ದರು.

ಮರಿ ನಿಧಾನವಾಗಿ ವಿವರಿಸಿದಳು. ಕ್ಯಾನ್ಸರ್ ಚಿಕಿತ್ಸೆ ಪಡೆದ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದು ಕಷ್ಟ. ಚಿಕಿತ್ಸೆಗೆ ಮೊದಲೇ ಅಂಡಾಶಯದ ಚೂರನ್ನು ತೆಗೆದು, ಕೊರೆಯುವ ದ್ರವ ನೈಟ್ರೋಜನ್‌ನಲ್ಲಿ ಇಟ್ಟು, ವರ್ಷಗಳ ನಂತರ ಜೀವಂತವಾಗಿ ವಾಪಸ್ ಕೊಡುವ ವಿಧಾನ ಅವಳ ತಂಡದ್ದು. ಅದಕ್ಕೆ ಸರ್ಕಾರದ ಅನುದಾನ ಮಂಜೂರಾಗಿತ್ತು. ಆದರೆ ಗುರುವಾರ ತಜ್ಞರ ಸಮಿತಿ ಬಂದು, ಕಣ್ಣೆದುರು ಒಂದು ಮಾದರಿ ಕರಗಿಸಿ, ಜೀವ ಇದೆಯೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ತಯಾರಿಯೆಂದು ಅವಳು ಅಂದು ಬೆಳಿಗ್ಗೆ ಮೂರು ಟ್ಯೂಬ್ ಕರಗಿಸಿದಳು. ಮೂರೂ ಸತ್ತಿದ್ದವು.

"ರೋಗಿಗಳದ್ದಾ?"

"ಅಲ್ಲ ಸಾರ್, ಅವು ಬೇರೆ ತೊಟ್ಟೀಲಿ ಭದ್ರವಾಗಿವೆ. ಇವು ಸಂಶೋಧನೆಗೆ ಅಂತ ದಾನ ಬಂದದ್ದು. ಆದ್ರೆ ಇವು ಸತ್ರೆ ಯೋಜನೆನೂ ಸತ್ತ ಹಾಗೆ. ನಿರ್ದೇಶಕರು ನಾನೇ ಸರಿಯಾಗಿ ಫ್ರೀಜ್ ಮಾಡಿಲ್ಲ ಅಂತಿದ್ದಾರೆ."

ಎಫ್‌ಐಆರ್ ದಾಖಲಾಯಿತು: ಸಾರ್ವಜನಿಕ ಆಸ್ತಿಗೆ ಹಾನಿ, ಆರೋಪಿ ಅಪರಿಚಿತ.

ಹನ್ನೆರಡಕ್ಕೆ ಪೊಲೀಸರು ಕೇಂದ್ರಕ್ಕೆ ಹೋದರು. ತೊಟ್ಟಿ ಎಂದರೆ ಸೊಂಟದೆತ್ತರದ ಸ್ಟೀಲ್ ಪಾತ್ರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗೆ ಚೌಕಟ್ಟುಗಳು, ಚೌಕಟ್ಟುಗಳಲ್ಲಿ ಹೆಬ್ಬೆರಳಷ್ಟು ಟ್ಯೂಬುಗಳು. ದ್ರವದ ಮಟ್ಟ ಸರಿಯಾಗಿತ್ತು, ಬೀಗ ಸರಿಯಾಗಿತ್ತು. ಕೋಣೆಯ ಬಾಗಿಲು ತೆರೆಯುವ ಗುಪ್ತಸಂಖ್ಯೆ ಐದು ಜನರಿಗೆ ಗೊತ್ತಿತ್ತು. ಸಮಿತಿ ಬರುವ ಗಡಿಬಿಡಿಯಲ್ಲಿ ಐವರೂ ಶನಿವಾರ, ಭಾನುವಾರ ಬಂದು ಹೋಗಿದ್ದರು.

ನಿರ್ದೇಶಕರು ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹುಡುಗಿ ಕೆಲಸ ಕೆಟ್ಟಿದೆ, ಕಳ್ಳರನ್ನ ಹುಡುಕ್ತಿದ್ದಾಳೆ. ನೀವು ಸಮಯ ಹಾಳು ಮಾಡ್ಕೊಳ್ತಿದ್ದೀರಿ."

"ಹಾಳು ಮಾಡ್ಕೊಳ್ಳೋಕೇ ಸಂಬಳ ಕೊಡ್ತಾರೆ ಸಾರ್" ಎಂದು ಇನ್ಸ್‌ಪೆಕ್ಟರ್ ತೊಟ್ಟಿಗೆ ಸೀಲ್ ಹಾಕಿಸಿದರು. ನೈಟ್ರೋಜನ್ ತುಂಬುವುದಾದರೆ ಪೊಲೀಸರ ಎದುರೇ ತುಂಬಬೇಕೆಂದು ಮಾವ ಪಂಚನಾಮೆಯಲ್ಲಿ ಸೇರಿಸಿದ.

ಸೀಲ್ ಹಾಕುವಾಗ ಮರಿ ತನ್ನಷ್ಟಕ್ಕೆ ಎಂಬಂತೆ ಒಂದು ಮಾತು ಹೇಳಿದಳು. ಶುಕ್ರವಾರ ಅವಸರದಲ್ಲಿ ಅವಳು ಹಸಿರು ಮುಚ್ಚಳದ ಟ್ಯೂಬೊಂದನ್ನು ನೀಲಿ ಸಾಲಿಗೆ ಸಿಕ್ಕಿಸಿದ್ದಳು. ಇಲ್ಲಿ ಒಂದೊಂದು ವಿಧಾನಕ್ಕೆ ಒಂದೊಂದು ಬಣ್ಣ, ಒಂದೊಂದು ಸಾಲು. ಸೋಮವಾರ ತಿದ್ದೋಣ ಎಂದುಕೊಂಡು ಹೋಗಿದ್ದಳು. ಸೋಮವಾರ ನೋಡಿದರೆ ಅದು ಹಸಿರು ಸಾಲಿನಲ್ಲಿ ಶಿಸ್ತಾಗಿ ಕೂತಿತ್ತು.

ಇನ್ಸ್‌ಪೆಕ್ಟರ್ ಥಟ್ಟನೆ ತಿರುಗಿದರು. "ಸಾಯಿಸೋಕೆ ಬಂದವರು ನಿನ್ನ ತಪ್ಪು ತಿದ್ದಿ ಹೋದ್ರಾ?"

"ಹಾಗೇ ಕಾಣುತ್ತೆ ಸಾರ್."

ಅಂದರೆ ಯಾರೋ ಟ್ಯೂಬುಗಳನ್ನು ಹೊರಗೆ ತೆಗೆದು, ಮೇಜಿನ ಮೇಲೆ ಕರಗಲು ಬಿಟ್ಟು, ಮತ್ತೆ ಒಂದೊಂದನ್ನೇ ಜೋಡಿಸಿದ್ದರು. ಹೊರಗಿನವನಾದರೆ ಬಾಚಿ ತುಂಬುತ್ತಿದ್ದ. ಇದು ಶಿಸ್ತಿನ ಕೈ, ಅದರಲ್ಲೂ ಇನ್ನೊಬ್ಬರ ತಪ್ಪು ಕಂಡರೆ ತಡೆದುಕೊಳ್ಳಲಾಗದ ಕೈ.

ಮಂಗಳವಾರ ಬೆಳಿಗ್ಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಇನ್ಸ್‌ಪೆಕ್ಟರ್ ಮರಿಯಿಂದ ಒಂದು ಚೌಕಟ್ಟು, ಖಾಲಿ ಟ್ಯೂಬು ತರಿಸಿ ಮೇಜಿನ ಮೇಲಿಟ್ಟರು. ನೀಲಿ ಸಾಲಿನ ನಡುವೆ ಒಂದು ಹಸಿರು. "ಇದೇನು ಸಾರ್ ಆಟದ ಸಾಮಾನು?" ಎಂದ ಮಾವ. "ಹೌದು, ಆಟವೇ" ಎಂದರು.

ನಿರ್ದೇಶಕರು ಬಂದರು, ಟ್ಯೂಬುಗಳ ಕಡೆ ನೋಡಲೇ ಇಲ್ಲ. ತಂತ್ರಜ್ಞ ನೋಡಿದ, ಸುಮ್ಮನಾದ. ಮರಿಯ ಸಹೋದ್ಯೋಗಿ "ಇದು ತಪ್ಪಿದೆ" ಎಂದ, ಮುಟ್ಟಲಿಲ್ಲ. ಕೊನೆಗೆ ಬಂದವರು ಹಿರಿಯ ವಿಜ್ಞಾನಿ, ಎಲ್ಲರ ‘ದೊಡ್ಡಕ್ಕ’. ಮರಿಗೆ ಟ್ಯೂಬ್ ಹಿಡಿಯುವುದನ್ನು ಕಲಿಸಿದವರೇ ಅವರು. ಸೆಖೆಯಿದ್ದರೂ ತುಂಬುತೋಳಿನ ರವಿಕೆ ತೊಟ್ಟಿದ್ದರು.

"ಭಾನುವಾರ ಎಷ್ಟು ಹೊತ್ತಿಗೆ ಬಂದ್ರಿ?"

"ಮಧ್ಯಾಹ್ನ."

"ಯಾಕೆ?"

"ಕೆಲಸ ಇತ್ತು."

"ಯಾರ ಕೆಲಸ?"

"ಅವಳದ್ದೇ. ಇನ್ನಾರದ್ದು ಇರುತ್ತೆ ಈಗ?"

"ಅನುದಾನದ ಅರ್ಜಿ ಬರೆದದ್ದು ಯಾರು?"

"ಅರ್ಜಿಲಿ ಅವಳ ಹೆಸರಿದೆಯಲ್ಲ, ಅವಳೇ." ಹಾಗೆನ್ನುತ್ತಲೇ ದೊಡ್ಡಕ್ಕನ ಬಲಗೈ ಮೇಜಿನ ಮೇಲೆ ಬಂದು, ನೀಲಿ ಸಾಲಿನಿಂದ ಹಸಿರು ಟ್ಯೂಬನ್ನು ಎತ್ತಿ, ಅದರ ಜಾಗಕ್ಕೆ ಸೇರಿಸಿತು. ಕಣ್ಣು ಇನ್ಸ್‌ಪೆಕ್ಟರ್ ಮೇಲೇ ಇತ್ತು. ಕೈ ಏನು ಮಾಡಿತೆಂದು ಅವರಿಗೇ ತಿಳಿದಿರಲಿಲ್ಲ. ಚಾಚಿದ ತೋಳು ಮೇಲೆ ಸರಿದಿತ್ತು. ಮಣಿಕಟ್ಟಿನ ಮೇಲೆ, ಕೈಗವಸು ಮುಗಿಯುವ ಕಡೆ, ಬೆಂಕಿ ತಾಗಿದಂಥ ಹಸಿ ಬೊಬ್ಬೆ.

"ಅದು ನೈಟ್ರೋಜನ್ ಸುಟ್ಟಿದ್ದಲ್ವಾ?"

ದೊಡ್ಡಕ್ಕ ಕೈಯನ್ನು ನೋಡಿದರು, ಟ್ಯೂಬನ್ನು ನೋಡಿದರು. ಬಾಗಿಲ ಬಳಿಯಿದ್ದ ಮಾವ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು ಅಂತ ಮಹಿಳಾ ಕಾನ್‌ಸ್ಟೇಬಲ್ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ನಗಲಿಲ್ಲ.

ಹೇಳಿಕೆ ಪೂರ್ತಿಯಾಗಲು ಮಧ್ಯಾಹ್ನವಾಯಿತು. ಈ ವಿಧಾನ ದೊಡ್ಡಕ್ಕನ ಕನಸು. ಹೆಂಗಸರ ಆರೋಗ್ಯದ ಸಂಶೋಧನೆ ಈಗ ಆದ್ಯತೆಯಲ್ಲ ಎಂದು ಅವರ ಅರ್ಜಿ ಎರಡು ಸಲ ವಾಪಸ್ ಬಂದಿತ್ತು. ಕೊನೆಗೆ ಸರ್ಕಾರ ಇದಕ್ಕೆಂದೇ ಯೋಜನೆ ತೆರೆದಾಗ ಒಂದು ಷರತ್ತು ಇತ್ತು: ಮುಖ್ಯಸ್ಥರ ವಯಸ್ಸು ನಲವತ್ತೈದು ಮೀರಿರಬಾರದು. ಅವರಿಗೆ ನಲವತ್ತೇಳು. "ನಿನ್ನ ಹೆಸರು ಹಾಕು ಮರಿ" ಎಂದು ತಾವೇ ಹೇಳಿ, ಅರ್ಜಿಯ ಪ್ರತಿ ಸಾಲನ್ನೂ ತಾವೇ ತಿದ್ದಿದ್ದರು.

"ಅವಳಿಗೆ ಸಿಗಲಿ ಅಂತ ನಿಜವಾಗ್ಲೂ ಬಯಸಿದ್ದೆ" ಎಂದರು ದೊಡ್ಡಕ್ಕ. "ಸಿಕ್ಕ ಮೇಲೆ ನೋಡೋಕಾಗ್ಲಿಲ್ಲ. ಎಲ್ಲರೂ ಅವಳ ಕೈ ಕುಲುಕೋರು. ನನ್ನನ್ನ ನೋಡಿ, ‘ಶಿಷ್ಯೆ ಗೆದ್ಲು, ಖುಷಿನಾ’ ಅನ್ನೋರು. ಖುಷಿ ಅಂತಿದ್ದೆ. ಮನೆಗೆ ಹೋಗಿ ಹೊಟ್ಟೆ ಉರ್ಕೊಂಡು ಕೂರ್ತಿದ್ದೆ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಆ ಉರಿ ಅವರಿಗೆ ಹೊಸದಲ್ಲ. ಷಡ್ಡಕನಿಗೆ ಅವರು ಇನ್ನೂ ಆ ಫೋನ್ ಮಾಡಿರಲಿಲ್ಲ.

"ಎಲ್ಲವನ್ನೂ ಕರಗಿಸಿದ್ರಾ?"

"ಕೆಳಗಿನ ಎರಡು ಚೌಕಟ್ಟು ಬಿಟ್ಟೆ."

"ಪಾಪ ಅನ್ನಿಸ್ತಾ?"

"ಇಲ್ಲ." ದೊಡ್ಡಕ್ಕ ತಲೆಯೆತ್ತಿದರು. "ಅವಳಿಗೆ ಕಲಿಸೋಕೆ ಅಂತ ಮೊದಲು ನಾನು ಫ್ರೀಜ್ ಮಾಡಿದ್ದು ಅವು. ಅವಳದ್ದು ಸತ್ತು ನನ್ನದು ಬದುಕಿರಬೇಕು ಅಂತ ಬಿಟ್ಟೆ."

ಸಂಜೆ ಐದಕ್ಕೆ, ಸೂರ್ಯ ಮುಳುಗುವ ಮೊದಲು, ಮಹಿಳಾ ಕಾನ್‌ಸ್ಟೇಬಲ್ ಎದುರು ಬಂಧನವಾಯಿತು. ಮರಿ ಠಾಣೆಯ ಮೆಟ್ಟಿಲ ಬಳಿ ನಿಂತಿದ್ದಳು. ದೊಡ್ಡಕ್ಕ ಅವಳ ಮುಖ ನೋಡದೆ ದಾಟಿ ಹೋದರು.

ಬುಧವಾರ ನ್ಯಾಯಾಲಯದ ಅನುಮತಿ ಪಡೆದು ಕೆಳಗಿನ ಚೌಕಟ್ಟುಗಳ ಸೀಲ್ ತೆಗೆಸಲಾಯಿತು. ಗುರುವಾರ ಸಮಿತಿ ಬಂತು. ಮಧ್ಯಾಹ್ನ ಮರಿ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು. ಕರಗಿಸಿದ ಮಾದರಿ ಜೀವಂತವಾಗಿತ್ತು, ಅನುದಾನ ಉಳಿಯಿತು. ಇಷ್ಟು ಚೆನ್ನಾಗಿ ಫ್ರೀಜ್ ಮಾಡಿದ ಕೈ ಯಾರದ್ದೆಂದು ಸಮಿತಿಯ ಹಿರಿಯರು ಕೇಳಿದ್ದರು.

ಮರುದಿನ ಕಸ್ಟಡಿ ಮುಗಿದು ಜೈಲಿಗೆ ಕಳಿಸುವ ಮೊದಲು ಇನ್ಸ್‌ಪೆಕ್ಟರ್ ಸೆಲ್ ಹತ್ತಿರ ಹೋದರು. "ಸಮಿತಿಯವರು ಒಪ್ಪಿದ್ರಂತೆ, ನಿಮ್ಮ ಮಾದರಿ ನೋಡಿ."

ದೊಡ್ಡಕ್ಕ ಸರಳಿನ ಹತ್ತಿರ ಬಂದರು. "ಫ್ರೀಜ್ ಮಾಡಿದ್ದು ಯಾರು ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದ್ಲು?"

"ನಿಮ್ಮ ಹೆಸರು ಹೇಳಿದ್ಲು. ವಿಧಾನನೂ ನಿಮ್ಮದೇ ಅಂದ್ಲಂತೆ."

ಬಂಧನದ ದಿನವೂ ಅಳದಿದ್ದ ದೊಡ್ಡಕ್ಕ ಗೋಡೆಗೆ ಮುಖ ಮಾಡಿ ನಿಂತರು. "ಸುಳ್ಳು ಹೇಳಬಹುದಿತ್ತಲ್ಲ ಅವಳು" ಎಂದರು. "ತನ್ನದೇ ಅಂದಿದ್ರೆ ನಾನು ಹೇಗೋ ಬದುಕಿಕೊಳ್ತಿದ್ದೆ."